ನೀರೇ ತೋಟವಾದ ಸಂತೇಬೆನ್ನೂರು

ಭಾನುವಾರ ಸಂಜೆ ಹೊರಗೆ ಹೊರಟ ದಾವಣಗೆರೆಯವರು ಸಾಮಾನ್ಯವಾಗಿ ಊರಂಚಿನ ಕುಂದುವಾಡ ಕೆರೆಯ ಕಡೆ ತಿರುಗುತ್ತಾರೆ. ಭದ್ರಾ ನಾಲೆಯ ನೀರು ತುಂಬುವ ಆ ಕೆರೆಯ ಪಕ್ಕದಲ್ಲೇ ಲಾಲ್‌ಬಾಗಿನದನ್ನು ನೆನಪಿಸುವ ಗಾಜಿನ ಮನೆಯಿದೆ. ಹರಿಹರದವರಿಗೆ ತುಂಗಭದ್ರೆಯ ದಂಡೆಯಿದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಯ ವಿಶಾಲ ಅಂಗಳವಿದೆ. ಇವೆಲ್ಲ ಚೆಂದವೇ. ಆದರೆ ಈ ಜಿಲ್ಲೆಯಲ್ಲಿ ವಿಹಾರಕ್ಕೆಂದೇ ರೂಪಿಸಿದ, ನಾಲ್ಕು ಶತಮಾನ ದಾಟಿಯೂ ನಿಂತಿರುವ ತಾಣ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಚನ್ನಗಿರಿ ರಸ್ತೆ ತೋರಿಸುತ್ತೇನೆ. ದಾವಣಗೆರೆಯಿಂದ ಸುಮಾರು ನಲವತ್ತು ಕಿಲೋಮೀಟರ್ ಹೋದರೆ ಸಂತೇಬೆನ್ನೂರು. ಅಲ್ಲಿ ಪುಷ್ಕರಣಿ.

ಚನ್ನಗಿರಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೂ ಶಿವಮೊಗ್ಗಕ್ಕೆ ಸೇರಿತ್ತು. ನಮ್ಮ ನಗರದ ಅನೇಕರ ಮನಸ್ಸಿನಲ್ಲಿ ಸಂತೇಬೆನ್ನೂರು ಇನ್ನೂ ಪಕ್ಕದ ಜಿಲ್ಲೆಯ ಊರಾಗಿಯೇ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ದಾರಿಯುದ್ದಕ್ಕೂ ಗದ್ದೆ, ಅಡಿಕೆ ತೋಟ. ಈ ಹಸಿರೆಲ್ಲ ಬಹುಪಾಲು ಭದ್ರಾ ನಾಲೆ ಬಂದ ಮೇಲಿನದು. ಅದನ್ನು ಕಣ್ಣಿನಿಂದ ಒಮ್ಮೆ ಅಳಿಸಿ, ಮಳೆಯನ್ನೇ ನಂಬಿದ್ದ ಹಿಂದಿನ ಸೀಮೆಯನ್ನು ಊಹಿಸಿಕೊಳ್ಳಿ. ಆಗ ಪುಷ್ಕರಣಿಯ ಬೆಲೆ ತಿಳಿಯುತ್ತದೆ. ಹರಿಹರದಲ್ಲಿ ಹೊಳೆ ತಾನಾಗಿಯೇ ಹರಿದು ಬರುತ್ತದೆ. ಇಲ್ಲಿ ನೆಲ ಅಗೆದು, ಕಲ್ಲು ಕಟ್ಟಿ, ನೀರನ್ನು ನಿಲ್ಲಿಸಬೇಕಾಗಿತ್ತು.

ಆ ಕೆಲಸ ಮಾಡಿಸಿದವನು ಪಾಳೆಯಗಾರ ಹನುಮಪ್ಪ ನಾಯಕ, 16ನೇ ಶತಮಾನದಲ್ಲಿ. ಗೆಲುವೊಂದರ ನೆನಪಿಗೆ ಕಟ್ಟಿಸಿದ ಎಂಬುದು ಊರ ಮಾತು. ಅದೇ ತಾಲ್ಲೂಕಿನ ಬಸವಾಪಟ್ಟಣ ಈ ಮನೆತನದ ಮೂಲ ನೆಲೆ. ಮುಂದೆ ಇವರೇ ತರೀಕೆರೆ ನಾಯಕರೆಂದು ಹೆಸರಾದರು. ವಿಜಯನಗರದ ನೆರಳಿನಲ್ಲಿ ಬೆಳೆದವರಾದ್ದರಿಂದ ಕಟ್ಟಡದ ಅಭಿರುಚಿಯಲ್ಲೂ ಆ ಛಾಯೆ ಕಾಣುತ್ತದೆ.

ಪುಷ್ಕರಣಿ ಹೆಚ್ಚುಕಡಿಮೆ ಚೌಕ, ಒಂದೊಂದು ಬದಿಯೂ ಸುಮಾರು 240 ಅಡಿ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳು ಕೆಳಗಿಳಿಯುತ್ತವೆ. ಸರಿಯಾಗಿ ನಡುವೆ, ನೀರಿನಿಂದಲೇ ಮೇಲೆದ್ದಂತೆ, ವಸಂತ ಮಂಟಪ. ಮೇಲೆ ಹೋದಂತೆ ಕಿರಿದಾಗುವ ಅಂತಸ್ತುಗಳು, ಕಮಾನುಗಳು, ತುದಿಗೆ ಶಿಖರ. ಹಂಪಿಯ ಕಮಲ ಮಹಲನ್ನು ಕಂಡವರಿಗೆ ಕಮಾನು ಮತ್ತು ಶಿಖರವನ್ನು ಹೀಗೆ ಒಟ್ಟಿಗೆ ಕೂರಿಸಿದ ಬಗೆ ಹೊಸದೆನಿಸದು. ನೀರಿನಂಚಿನಲ್ಲಿ ಎಂಟು ದಿಕ್ಕಿಗೆ ಎಂಟು ಪುಟ್ಟ ಮಂಟಪಗಳಿದ್ದವಂತೆ. ಈಗ ಉಳಿದಿರುವುದು ಆರು.

ಈ ಜಾಗವನ್ನು ನೋಡಲು ಒಂದು ಕ್ರಮವಿದೆ ಎನ್ನುವುದು ನನ್ನ ನಂಬಿಕೆ. ಬಾಗಿಲಲ್ಲೇ ನಿಂತು ಫೋಟೊ ತೆಗೆದು ಹಿಂದಿರುಗಬೇಡಿ. ಮೇಲಿನ ಮೆಟ್ಟಿಲ ಸಾಲಿನಲ್ಲಿ ಒಂದು ಸುತ್ತು ನಡೆಯಿರಿ. ಹೆಜ್ಜೆ ಹೆಜ್ಜೆಗೂ ನಡುವಿನ ಮಂಟಪ ಅಂಚಿನ ಮಂಟಪಗಳೊಂದಿಗೆ ಹೊಸ ಜೋಡಿಯಾಗುತ್ತದೆ; ಒಮ್ಮೆ ಒಂದರ ಹಿಂದೆ ಮರೆಯಾಗುತ್ತದೆ, ಮತ್ತೊಮ್ಮೆ ಎರಡರ ನಡುವೆ ಇಣುಕುತ್ತದೆ. ಹೂದೋಟದಲ್ಲಿ ಗಿಡ, ದಾರಿ, ತಿರುವುಗಳಿಂದ ತೋಟಗಾರ ಮಾಡುವ ಕೆಲಸವನ್ನು ಇಲ್ಲಿ ನೀರು ಮತ್ತು ಕಲ್ಲು ಮಾಡುತ್ತವೆ. ಒಂದೇ ಒಂದು ಪಾತಿಯಿಲ್ಲದೆಯೂ ಇದು ಉದ್ಯಾನ ಎಂದು ನಾನು ಹೇಳುವುದು ಅದಕ್ಕೇ. ಮಳೆಗಾಲ ಮುಗಿದು ನೀರು ಮೇಲೇರಿದ್ದಾಗ ಮಂಟಪದ ನೆರಳು ಇಡಿಯಾಗಿ ಕೆಳಗೆ ಮೂಡುತ್ತದೆ, ಕಟ್ಟಡದ ಎತ್ತರ ಎರಡು ಪಟ್ಟಾಗುತ್ತದೆ. ಬೇಸಿಗೆಯಲ್ಲಿ ನೀರು ತಗ್ಗಿದಂತೆ ಮುಳುಗಿದ್ದ ಮೆಟ್ಟಿಲುಗಳು ಒಂದೊಂದಾಗಿ ಹೊರಬೀಳುತ್ತವೆ. ಯಾವ ಕಾಲದಲ್ಲೂ ಕೈಗೆ ನೀರು ಸಿಗಲೆಂದೇ ಹಿಂದಿನವರು ಮೆಟ್ಟಿಲನ್ನು ತಳದವರೆಗೆ ಇಳಿಸುತ್ತಿದ್ದರು.

ನಮ್ಮ ದೇವಸ್ಥಾನಗಳಲ್ಲಿ ವಸಂತ ಮಂಟಪವೆಂದರೆ ಸೆಕೆಗಾಲದ ಉತ್ಸವಕ್ಕೆ ದೇವರನ್ನು ಕರೆತಂದು ಕೂರಿಸುವ ತಾಣ. ಇಲ್ಲಿಯೂ ರಂಗನಾಥನ ಗುಡಿಯೊಂದಿತ್ತು. 17ನೇ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಂಡು ಬಂದಾಗ ಅದು ಹಾಳಾಯಿತು. ಈಗ ಕೊಳದ ಬದಿಯಲ್ಲಿ ದೊಡ್ಡ ಕಮಾನುಗಳಿಂದ ಎದ್ದು ಕಾಣುವ ಕಟ್ಟಡ ಆ ಕಾಲದ್ದು. ಹಳೆಯ ಗ್ಯಾಸೆಟಿಯರ್ ಅದನ್ನು ಮಸೀದಿ ಎನ್ನುತ್ತದೆ, ಜನ ಮುಸಾಫಿರಖಾನೆ ಎನ್ನುತ್ತಾರೆ. ಗುಡಿ ಬಿದ್ದದ್ದು ನೋವಿನ ಸಂಗತಿ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಬಂದವರು ಪುಷ್ಕರಣಿಯನ್ನು ಉಳಿಸಿಕೊಂಡರು, ಅದರ ಎದುರಿಗೇ ತಮ್ಮ ಕಟ್ಟಡವನ್ನು ಎಬ್ಬಿಸಿದರು. ನೀರಿನ ನಡುವೆ ಮಂಟಪ ಕಟ್ಟಿ ತಂಪಿಗೆ ಕೂರುವ ರುಚಿ ಅವರಿಗೂ ಇತ್ತು. ಆದಿಲ್‌ಶಾಹಿಗಳ ಬೇಸಿಗೆಯ ಬೀಡಾಗಿದ್ದ, ವಿಜಯಪುರದ ಬಳಿಯ ಕುಮಟಗಿಯಲ್ಲಿ ಅಂಥದೇ ಜಲಮಂಟಪಗಳು ಇಂದಿಗೂ ಇವೆ. ಬಿಹಾರದ ಸಸಾರಾಮ್‌ನಲ್ಲಿ ಶೇರ್ ಶಾ ಸೂರಿ ಮಲಗಿರುವ ಗೋರಿಯೂ ಕೆರೆಯ ನಡುವೆಯೇ ಇದೆ. ಬಿಸಿಲಿನ ನಾಡುಗಳೆಲ್ಲ ಒಂದೇ ಬಯಕೆಗೆ ಬೇರೆ ಬೇರೆ ಕಡೆ ಕಲ್ಲಿನಲ್ಲಿ ರೂಪ ಕೊಟ್ಟಿವೆ.

ಪುಷ್ಕರಣಿಯೂ ಮುಸಾಫಿರಖಾನೆಯೂ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಆದರೆ ಇಂಥ ಕೊಳದಲ್ಲಿ ಕಲ್ಲನ್ನು ಕಾಯ್ದರೆ ಸಾಲದು, ನೀರನ್ನೂ ಕಾಯಬೇಕು. ಪಾಚಿ ಕಟ್ಟಿದ ದಿನ ಇಡೀ ರಚನೆ ಮಂಕಾಗುತ್ತದೆ, ಏಕೆಂದರೆ ನೆರಳು ಕಾಣದ ಮಂಟಪ ಇಲ್ಲಿ ಅರ್ಧ ಮಂಟಪ ಮಾತ್ರ. ಹೋಗುವವರು ಒಂದು ಚೂರು ಪ್ಲಾಸ್ಟಿಕ್ಕನ್ನೂ ಅದರೊಳಗೆ ಬಿಡಬಾರದೆಂದು ಕೈಮುಗಿದು ಕೇಳುತ್ತೇನೆ.

ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಬೆಳಿಗ್ಗೆಯೇ ಹೊರಟರೆ ಬಿಸಿಲೇರುವ ಮುನ್ನ ಪುಷ್ಕರಣಿಯನ್ನು ನಿಧಾನವಾಗಿ ನೋಡಬಹುದು. ಮಧ್ಯಾಹ್ನದ ನಂತರ ಅದೇ ತಾಲ್ಲೂಕಿನ ಸೂಳೆಕೆರೆಗೆ, ಅಂದರೆ ಶಾಂತಿಸಾಗರಕ್ಕೆ ಹೋಗಿ. ಇಂದಿಗೂ ಚಿತ್ರದುರ್ಗಕ್ಕೆ ಕುಡಿಯುವ ನೀರು ಕೊಡುತ್ತಿರುವ ಆ ಪುರಾತನ ಕೆರೆಯ ಏರಿಯ ಮೇಲೆ ಸಂಜೆ ಕಳೆಯಬಹುದು.