ಎಣ್ಣೆಯ ಬಾವಿಯೂ ನೀರಿನ ತಲಪರಿಗೆಯೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಗೃಹಸ್ಥರಿಗೆ ಕೊಳವೆಬಾವಿ ಕೊರೆಯುವ ಯಂತ್ರದ ಸದ್ದು ಹೊಸದಲ್ಲ. ಅದು ಹೊಲಕ್ಕೆ ಬಂದ ದಿನ ಮನೆಮಂದಿಯೆಲ್ಲರೂ, ನೀರು ಬಂದೀತೋ ಸಾಲವೊಂದೇ ಉಳಿದೀತೋ ಎಂದು ಉಸಿರು ಬಿಗಿಹಿಡಿದು ನಿಲ್ಲುವರು. ಈ ಯಂತ್ರದ ಹಿರಿಯರು ಈಗ ಅಮೆರಿಕಾ ದೇಶದ ಪೆನ್ಸಿಲ್ವೇನಿಯಾ ಪ್ರಾಂತದ ಟೈಟಸ್‌ವಿಲ್ ಎಂಬ ಸಣ್ಣ ಊರಿನ ವಸ್ತುಸಂಗ್ರಹಾಲಯದಲ್ಲಿ ವಿಶ್ರಮಿಸುತ್ತಿರುವರು.

೧೮೫೯ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಎಡ್ವಿನ್ ಡ್ರೇಕ್ ಎಂಬಾತನು ಕೊರೆಯಿಸಿದ ಬಾವಿಯಲ್ಲಿ ಕಲ್ಲೆಣ್ಣೆ ದೊರೆತುದು ಅಲ್ಲಿಯೇ. ಆ ಸ್ಥಳದಲ್ಲಿ ಮರದ ಗೋಪುರವನ್ನೂ ಯಂತ್ರದ ಮನೆಯನ್ನೂ ಹಿಂದಿನ ಮಾದರಿಯಲ್ಲಿ ಪುನಃ ಕಟ್ಟಿ, ಹಳೆಯ ಸಲಕರಣೆಗಳನ್ನು ಕಾಪಾಡಿರುತ್ತಾರೆ. ಅವುಗಳ ಉಪಾಯವಾದರೋ ನಮ್ಮ ಮನೆಯ ಒನಕೆಯದೇ. ಹಗ್ಗದಲ್ಲಿ ತೂಗುವ ಭಾರವಾದ ಕಬ್ಬಿಣದ ಉಳಿಯನ್ನು ಉಗಿಯಂತ್ರದಿಂದ ಆಡುವ ತೊಲೆಯೊಂದು ಎತ್ತೆತ್ತಿ ಬಿಡುವುದು, ಬಂಡೆಯು ಪುಡಿಯಾಗುವುದು, ಆ ಪುಡಿಯನ್ನು ನೀರಿನೊಡನೆ ಮೇಲಕ್ಕೆತ್ತುವರು. ಮಣ್ಣು ಕುಸಿಯದಂತೆ ಡ್ರೇಕನು ಬಂಡೆಯವರೆಗೆ ಕಬ್ಬಿಣದ ಕೊಳವೆಯನ್ನಿಳಿಸಿದನು. ನಮ್ಮವರು ಇಂದು ಕೇಸಿಂಗ್ ಎಂದು ಇಳಿಸುವುದೂ ಅದನ್ನೇ. ಆ ಬಾವಿಯ ಆಳ ಕೇವಲ ೬೯½ ಅಡಿ!

ನಮ್ಮ ದೇಶದ ಗಟ್ಟಿಬಂಡೆಯ ಪ್ರದೇಶಗಳಿಗೆ, ಬರಗಾಲದ ೧೯೬೭ರಲ್ಲಿ, ಯುನಿಸೆಫ್ ಸಂಸ್ಥೆಯು ಗಾಳಿಯ ಒತ್ತಡದಿಂದ ಬಡಿದು ಕೊರೆಯುವ ಯಂತ್ರಗಳನ್ನು ತರಿಸಿತು. ಹಗ್ಗ ಹೋಗಿ ಗಾಳಿ ಬಂದಿತು. ಕುಟ್ಟುವ ಉಪಾಯ ಮಾತ್ರ ಉಳಿಯಿತು. ಎಣ್ಣೆಗಾಗಿ ಡ್ರೇಕನು ಎಪ್ಪತ್ತು ಅಡಿಯನ್ನೂ ಮುಟ್ಟಲಿಲ್ಲ. ನಾವು ನೀರಿಗಾಗಿ ಸಾವಿರ ಅಡಿಗೂ ಇಳಿಯುವೆವು.

ಆದರೆ ಇದೇ ಸೀಮೆಯಲ್ಲಿ ಹಿಂದೆ ನೀರು ತಾನಾಗಿಯೇ ಮೇಲಕ್ಕೆ ಬರುತ್ತಿದ್ದಿತು. ಮರಳುನೆಲವನ್ನು ತುಸು ತೋಡಿದರೆ ಉಕ್ಕುವ ಆ ಊಟೆಗಳಿಗೆ ತಲಪರಿಗೆಯೆಂದು ಹೆಸರು. ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇವುಗಳನ್ನು ವಿವರಿಸಿರುವರು. ದಕ್ಷಿಣದ ಕಡೆ ನೀರು ಮೇಲೆಯೇ ಸಿಕ್ಕುತ್ತಿದ್ದಿತಂತೆ. ಪಾವಗಡದಲ್ಲಿ ಮೆದುಬಂಡೆಯನ್ನು ಕಡಿಯಬೇಕಾಗಿತ್ತಂತೆ. ಆ ನೀರನ್ನು ಕಾಲುವೆಯಿಂದಲೋ, ಎತ್ತು ಕಟ್ಟಿದ ಕಪಿಲೆಯಿಂದಲೋ ಗದ್ದೆಗೆ ಹಾಯಿಸುತ್ತಿದ್ದರು. ಕೊಳವೆಬಾವಿಗಳು ಹೆಚ್ಚಿದಂತೆ ಅಂತರ್ಜಲವು ಕೆಳಗಿಳಿದು, ಅನೇಕ ತಲಪರಿಗೆಗಳು ಬತ್ತಿಹೋದುವು.

ಆಳದ ನೀರಿಗೆ ಮತ್ತೊಂದು ದೋಷವುಂಟು. ಬಂಡೆಯ ಫ್ಲೋರೈಡ್ ಅದರಲ್ಲಿ ಕರಗಿರುವುದು. ಲೀಟರಿಗೆ ೧.೫ ಮಿಲಿಗ್ರಾಮಿಗೆ ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುವುದು. ಇನ್ನೂ ಹೆಚ್ಚಾದರೆ ಮೂಳೆಗಳೂ ಬಿಗಿಯುವುವು. ಕಾಯಿಸಿದ ಮಾತ್ರಕ್ಕೆ ಇದು ಹೋಗದೆಂಬುದನ್ನು ಗೃಹಿಣಿಯರು ಅವಶ್ಯವಾಗಿ ತಿಳಿದಿರಬೇಕು. ನೀರನ್ನು ಪರೀಕ್ಷೆ ಮಾಡಿಸುವುದೇ ಮೇಲು.

ಎಣ್ಣೆಯೂರಿನವರು ತಮ್ಮ ಹಳೆಯ ಉಳಿಯನ್ನು ಗೌರವದಿಂದ ಕಾದಿರುವರು. ನಮ್ಮ ಕಪಿಲೆಯ ರಾಟೆಯು ಎಷ್ಟು ಮನೆಗಳ ಅಟ್ಟದಲ್ಲಿ ಉಳಿದಿದೆಯೋ! ಅದನ್ನು ಸೌದೆಗೆ ಹಾಕದೆ ಊರಿನ ಶಾಲೆಗೆ ಕೊಡಿರಿ. ಅದಕ್ಕಿಂತಲೂ ಮೇಲಾದ ಕಾರ್ಯವೊಂದಿದೆ: ತಲಪರಿಗೆ ಎಲ್ಲಿದ್ದಿತೆಂದು ಹಿರಿಯರನ್ನು ಕೇಳಿ, ಮಕ್ಕಳನ್ನು ಕರೆದೊಯ್ದು ತೋರಿಸಿರಿ. ಒರತೆಯಿನ್ನೂ ಜೀವಂತವಾಗಿದ್ದರೆ ಹೂಳನ್ನು ತೆಗೆಯಿರಿ. ಯಂತ್ರವನ್ನು ವಸ್ತುಸಂಗ್ರಹಾಲಯದಲ್ಲಿಡಬಹುದು, ನೀರನ್ನು ನೆಲದಲ್ಲಿಯೇ ಇಡಬೇಕು.