ಪ್ರೊಸೆಸರಿನ ವೇಗ ಏರಿಸುವುದು ಲಾಭವೇ?

ಕಂಪ್ಯೂಟರಿನ ಪ್ರೊಸೆಸರ್ ತನ್ನೊಳಗಿನ ಗಡಿಯಾರದ ಮಿಡಿತಕ್ಕೆ ಹೊಂದಿಕೊಂಡು ಕೆಲಸ ಮಾಡುತ್ತದೆ. ಮಿಡಿತದ ಆವೃತ್ತಿ 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ಮಿಡಿತಗಳು. ತಯಾರಕರು ನಿಗದಿಪಡಿಸಿದ ಆವೃತ್ತಿಯನ್ನು ಮೀರಿ ಪ್ರೊಸೆಸರನ್ನು ದುಡಿಸುವುದೇ ಓವರ್‌ಕ್ಲಾಕಿಂಗ್. ಪುಕ್ಕಟೆ ವೇಗ ಯಾರಿಗೆ ಬೇಡ? ಆದರೆ ಅದು ನಿಜವಾಗಿ ಪುಕ್ಕಟೆಯೇ ಎಂಬುದಕ್ಕೆ ಪಿ.ಯು.ಸಿ. ಮಟ್ಟದ ಭೌತಶಾಸ್ತ್ರವೇ ಬಹುಪಾಲು ಉತ್ತರ ಕೊಡುತ್ತದೆ.

ಒಂದು ಕಾಲದಲ್ಲಿ ಇದರಿಂದ ಭರ್ಜರಿ ಲಾಭವೇ ಇತ್ತು. 1998ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಸೆಲೆರಾನ್ 300ಎ ಪ್ರೊಸೆಸರಿನ ಆವೃತ್ತಿ 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ಮಿಡಿತವನ್ನು 4.5ರಿಂದ ಗುಣಿಸಿ ಅದು ದೊರೆಯುತ್ತಿತ್ತು. ಬೋರ್ಡಿನ ಮಿಡಿತವನ್ನು 100ಕ್ಕೆ ಏರಿಸಿದರೆ 450 ಮೆಗಾಹರ್ಟ್ಸ್! ಅನೇಕ ಚಿಪ್‌ಗಳು ಈ ವೇಗದಲ್ಲಿ ಸಲೀಸಾಗಿ ಓಡಿದವು. ತಯಾರಕರು ಅವುಗಳ ಸಾಮರ್ಥ್ಯಕ್ಕಿಂತ ಬಹಳ ಕಡಿಮೆ ವೇಗವನ್ನು ನಮೂದಿಸಿ ಅಗ್ಗವಾಗಿ ಮಾರಿದ್ದೇ ಇದಕ್ಕೆ ಕಾರಣ.

ಹಾಗಾದರೆ ಮಿತಿ ಬರುವುದೆಲ್ಲಿ? ಪ್ರತಿ ಟ್ರಾನ್ಸಿಸ್ಟರಿನ ಗೇಟ್ ಒಂದು ಪುಟ್ಟ ಧಾರಕವಿದ್ದಂತೆ. ಸೊನ್ನೆ ಒಂದಾಗಬೇಕಾದರೆ ಅದು ಆವಿಷ್ಟವಾಗಬೇಕು; ಅದಕ್ಕೆ ಕಾಲ ಬೇಕು. 4 ಗಿಗಾಹರ್ಟ್ಸ್‌ನಲ್ಲಿ ಎರಡು ಮಿಡಿತಗಳ ನಡುವಿನ ಅವಧಿ 0.25 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕೂ ಕ್ರಮಿಸುವುದು ಏಳೂವರೆ ಸೆಂಟಿಮೀಟರ್ ಮಾತ್ರ. ಇದೇ ಅವಧಿಯೊಳಗೆ ಸಂಕೇತವು ಸಾಲು ಗೇಟ್‌ಗಳನ್ನು ದಾಟಿ ಸ್ಥಿರಗೊಳ್ಳಬೇಕು. ಅವಧಿಯನ್ನು ಇನ್ನೂ ಕುಗ್ಗಿಸಿದರೆ ಕೊನೆಯ ಗೇಟ್ ಸಿದ್ಧವಾಗುವ ಮೊದಲೇ ಮುಂದಿನ ಮಿಡಿತ ಬಂದು, ತಪ್ಪು ಬೆಲೆ ದಾಖಲಾಗುತ್ತದೆ.

ವೋಲ್ಟೇಜ್ ಏರಿಸಿದರೆ ಧಾರಕಗಳು ಬೇಗ ಆವಿಷ್ಟವಾಗುತ್ತವೆ, ನಿಜ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಧಾರಕತೆ C, ವೋಲ್ಟೇಜ್ V, ಆವೃತ್ತಿ f ಆದರೆ, ಈ ಆವೇಶ-ವಿಸರ್ಜನೆಗೆ ವ್ಯಯವಾಗುವ ಸಾಮರ್ಥ್ಯ CV²f ಗೆ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನೂ ವೋಲ್ಟೇಜನ್ನೂ ಶೇ. 10 ಏರಿಸಿದಿರೆನ್ನಿ. 1.1ರ ಘನ 1.33, ಅಂದರೆ 65 ವಾಟ್ ಇದ್ದದ್ದು ಸುಮಾರು 86 ವಾಟ್ ಆಗುತ್ತದೆ. ಶಾಖವನ್ನು ಹೊರಹಾಕುವ ಫ್ಯಾನು-ಫಲಕಗಳ ಉಷ್ಣರೋಧ ವಾಟಿಗೆ 0.5 ಡಿಗ್ರಿ ಸೆಲ್ಸಿಯಸ್ ಆಗಿದ್ದರೆ, ಚಿಪ್ ಕೋಣೆಗಿಂತ 32 ಡಿಗ್ರಿ ಬಿಸಿಯಾಗುತ್ತಿದ್ದುದು ಈಗ 43 ಡಿಗ್ರಿ ಬಿಸಿಯಾಗುತ್ತದೆ. ಕಲಬುರಗಿಯ ಬೇಸಗೆಯಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ ಚಿಪ್ 83 ಡಿಗ್ರಿ ಮುಟ್ಟುತ್ತದೆ. ತಂಪು ದೇಶದವರ ಅನುಭವವನ್ನು ಇಲ್ಲಿ ಹಾಗೆಯೇ ನಂಬುವಂತಿಲ್ಲ. ತಾಪ ಏರಿದಂತೆ ಸೋರಿಕೆ ವಿದ್ಯುತ್ತು ಹೆಚ್ಚುತ್ತದೆ. ಎಲೆಕ್ಟ್ರಾನ್‌ಗಳ ಹೊಡೆತಕ್ಕೆ ಸಿಕ್ಕ ಸೂಕ್ಷ್ಮ ತಂತಿಗಳ ಲೋಹ ಬೇಗ ಸವೆಯುತ್ತದೆ.

ಇಷ್ಟಕ್ಕೆ ಸಿಗುವುದೇನು? 100 ಸೆಕೆಂಡಿನ ಲೆಕ್ಕವೊಂದರಲ್ಲಿ 60 ಸೆಕೆಂಡ್ ಪ್ರೊಸೆಸರಿನದು, 40 ಸೆಕೆಂಡ್ ಮೆಮೊರಿ ಮತ್ತು ಡಿಸ್ಕ್‌ಗಾಗಿ ಕಾಯುವುದು ಎಂದುಕೊಳ್ಳೋಣ. ಪ್ರೊಸೆಸರಿನ ವೇಗ ಶೇ. 10 ಏರಿದರೆ 60 ಇದ್ದದ್ದು 54.5 ಆಗುತ್ತದೆ, ಉಳಿಕೆ ಐದೂವರೆ ಸೆಕೆಂಡ್.

ಕಂಪ್ಯೂಟರ್ ನಿಂತುಬಿಟ್ಟರೆ ನಮಗೆ ಗೊತ್ತಾಗುತ್ತದೆ. ತಪ್ಪು ಉತ್ತರ ಕೊಟ್ಟು ಸುಮ್ಮನಿದ್ದರೆ? ಕೆಲವು ವರ್ಷಗಳ ಹಿಂದೆ ನನ್ನ ಸಂಶೋಧನಾ ವಿದ್ಯಾರ್ಥಿಯೊಬ್ಬ ಅಣುಗಳ ಚಲನೆಯ ಲೆಕ್ಕ ಮಾಡುತ್ತಿದ್ದ. ಅದೇ ಪ್ರೋಗ್ರಾಮ್, ಅದೇ ಆರಂಭಿಕ ಬೆಲೆಗಳು. ಆದರೂ ಎರಡು ರಾತ್ರಿಗಳಲ್ಲಿ ಒಟ್ಟು ಶಕ್ತಿಗೆ ಎರಡು ಉತ್ತರ. ಪ್ರೋಗ್ರಾಮಿನಲ್ಲಿ ದೋಷ ಹುಡುಕುತ್ತ ದಿನಗಳು ಕಳೆದವು. ಕೊನೆಗೆ, ಯಂತ್ರದ ಆವೃತ್ತಿಯನ್ನು ತಾನೇ ಏರಿಸಿದ್ದಾಗಿ ಅವನು ಸಂಕೋಚದಿಂದ ಒಪ್ಪಿಕೊಂಡ. ಮೂರು ವಾರಗಳ ಫಲಿತಾಂಶಗಳನ್ನು ಕೈಬಿಡಬೇಕಾಯಿತು. ಅವುಗಳಲ್ಲಿ ಸರಿಯಾದವು ಯಾವುವೆಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ.

2008ರಿಂದೀಚೆಗೆ ಇಂಟೆಲ್‌ನ ಅನೇಕ ಪ್ರೊಸೆಸರ್‌ಗಳು ತಾಪ, ವಿದ್ಯುತ್ತುಗಳನ್ನು ಗಮನಿಸಿ ತಾವೇ ವೇಗ ಏರಿಸಿಕೊಳ್ಳುತ್ತವೆ. ಇತರ ತಯಾರಕರದೂ ಇದೇ ದಾರಿ. ಹೀಗಾಗಿ ಸೆಲೆರಾನ್‌ನಲ್ಲಿದ್ದಂಥ ಉಳಿಕೆ ಈಗ ಬಳಕೆದಾರನಿಗೆ ಸಿಗುವುದು ಅಪರೂಪ. ತಯಾರಕರೂ ಅಂಚಿಗೆ ಬಂದಿದ್ದಾರೆ: ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಕೆಲವು ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಹಾಳಾಗುತ್ತಿರುವುದು 2024ರಲ್ಲಿ ಬೆಳಕಿಗೆ ಬಂದು, ಕಂಪನಿ ಅವುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು.

ಆಟಕ್ಕೆ, ಕಲಿಕೆಗೆ ಹಳೆಯ ಯಂತ್ರವೊಂದರಲ್ಲಿ ಓವರ್‌ಕ್ಲಾಕಿಂಗ್ ಮಾಡಿ ನೋಡಲು ನನ್ನ ಅಭ್ಯಂತರವಿಲ್ಲ. ಪ್ರಯೋಗಶಾಲೆಯ, ಕಚೇರಿಯ ಕಂಪ್ಯೂಟರಿಗೆ ಮಾತ್ರ ಬೇಡ. ಕುತೂಹಲವಿದ್ದವರು ತಿರುಗುಮುರುಗಾಗಿಯೂ ಪ್ರಯತ್ನಿಸಬಹುದು. ಆವೃತ್ತಿಯನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ಶೇ. 5 ತಗ್ಗಿಸಿದರೆ ಅದೇ ಸೂತ್ರದ ಪ್ರಕಾರ ಸಾಮರ್ಥ್ಯದ ಬಳಕೆ ಶೇ. 10ರಷ್ಟು ಇಳಿಯಬೇಕು. ಇಲ್ಲಿಯೂ ಮಿತಿ ಮೀರಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಉತ್ತರ ಮೊದಲೇ ಗೊತ್ತಿರುವ ದೀರ್ಘ ಲೆಕ್ಕವೊಂದನ್ನು ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ತಾಳೆ ನೋಡಿ.