ಬಾಣಂತಿಯ ಕೋಣೆಯಲ್ಲಿ ಇರುವವರು ಇಬ್ಬರು

ಮಗು ಹುಟ್ಟಿದ ಶುಭವಾರ್ತೆ ಕಿವಿಗೆ ಬಿದ್ದೊಡನೆ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಗಂಡೋ ಹೆಣ್ಣೋ? ತೂಕವೆಷ್ಟು? ಯಾರ ಹೋಲಿಕೆ? ಜ್ಞಾನಸ್ನಾನ ಎಂದು? ತಾಯಿಯ ಕ್ಷೇಮವನ್ನೂ ವಿಚಾರಿಸುತ್ತೇವೆ, ನಿಜ. ಆದರೆ ‘ಆರಾಮವಾಗಿದ್ದಾಳೆ’ ಎಂಬ ಒಂದೇ ಮಾತಿನಿಂದ ತೃಪ್ತರಾಗುತ್ತೇವೆ. ಗಂಡಾಂತರ ಕಳೆಯಿತು, ಇನ್ನು ಕಾಳಜಿಯೆಲ್ಲ ಮಗುವಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಸ್ತವದಲ್ಲಿ ತಾಯಿಯ ಪಾಲಿನ ಅಪಾಯಗಳಲ್ಲಿ ಅನೇಕವು ಎದುರಾಗುವುದು ಹೆರಿಗೆಯ ನಂತರವೇ. ಮಗುವಿನ ಬೆಳವಣಿಗೆಯ ಬುನಾದಿಯೂ ಆ ತಾಯಿಯ ಆರೋಗ್ಯವೇ.

ಒಬ್ಬ ಸಂತಳ ಕೊನೆಯ ವಾರ

ಸಂತ ಜಾನ್ನಾ ಬೆರೆತ್ತಾ ಮೊಲ್ಲಾರ ಹೆಸರನ್ನು ನಮ್ಮ ಅನೇಕ ಕುಟುಂಬಗಳು ಬಲ್ಲವು. ಇಟಲಿಯ ಈ ಮಕ್ಕಳ ವೈದ್ಯೆ ನಾಲ್ಕನೆಯ ಮಗುವನ್ನು ಹೊತ್ತಿದ್ದಾಗ ಗರ್ಭಕೋಶದಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಮಗುವಿನ ಜೀವಕ್ಕೆ ಎರವಾಗುವ ಚಿಕಿತ್ಸೆಗೆ ಅವರು ಒಪ್ಪಲಿಲ್ಲ. ಈ ತ್ಯಾಗವನ್ನು ಸ್ಮರಿಸುವ ನಾವು ಅವರ ಮರಣದ ವಿವರವನ್ನು ಗಮನಿಸುವುದು ಕಡಿಮೆ. 1962ರ ಏಪ್ರಿಲ್ 21, ಪವಿತ್ರ ಶನಿವಾರದಂದು, ಮೊಂಜಾ ನಗರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಹೆಣ್ಣುಮಗು ಜನಿಸಿತು. ಮಗು ಉಳಿಯಿತು. ಆದರೆ ಏಳು ದಿನಗಳ ಬಳಿಕ, ಏಪ್ರಿಲ್ 28ರಂದು, ತಾಯಿ ತೀರಿಕೊಂಡರು. ಹೆರಿಗೆಯ ನಂತರ ಉದರದಲ್ಲಿ ಹರಡಿದ ನಂಜು ಅವರ ಪ್ರಾಣ ತೆಗೆಯಿತು. 2004ರ ಮೇ 16ರಂದು ಜಗದ್ಗುರು ಎರಡನೇ ಜಾನ್ ಪೌಲರು ಅವರನ್ನು ಸಂತಪದವಿಗೆ ಏರಿಸಿದಾಗ, ಅಂದು ಹುಟ್ಟಿದ್ದ ಆ ಮಗಳು ಅಲ್ಲಿ ಉಪಸ್ಥಿತಳಿದ್ದಳು. ವೈದ್ಯೆಗೇ ಬಂದ ಅಪಾಯ ನಮ್ಮ ಹೆಣ್ಣುಮಕ್ಕಳಿಗೆ ಬಾರದು ಎಂದು ನಾವು ಹೇಗೆ ನೆಮ್ಮದಿಯಿಂದಿರಬಲ್ಲೆವು?

ನಮ್ಮ ರಾಜ್ಯದ ಸ್ಥಿತಿ ಸುಧಾರಿಸಿದೆ. ಆದರೂ 2018–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜನನಗಳಿಗೆ 69 ತಾಯಂದಿರು ಮರಣ ಹೊಂದಿದರು; ನೆರೆಯ ಕೇರಳದಲ್ಲಿ ಆ ಸಂಖ್ಯೆ 19. ಹೆರಿಗೆಯ ನಂತರದ ರಕ್ತಸ್ರಾವ, ನಂಜು ಹಾಗೂ ರಕ್ತದೊತ್ತಡ ಇದರ ಮುಖ್ಯ ಕಾರಣಗಳಲ್ಲಿ ಸೇರಿವೆ. ಇವು ಮೂರೂ ಬೇಗ ಗುರುತಿಸಿದರೆ ಚಿಕಿತ್ಸೆಗೆ ಬಗ್ಗುವಂಥವು.

ಆದುದರಿಂದ ಕೆಲವು ಲಕ್ಷಣಗಳನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಒಂದು ಗಂಟೆಯೊಳಗೆ ಬಟ್ಟೆ ಪೂರ್ತಿ ತೊಯ್ಯುವಷ್ಟು ರಕ್ತಸ್ರಾವ, ಜ್ವರ ಮತ್ತು ಚಳಿ, ದುರ್ವಾಸನೆಯ ಸ್ರಾವ, ಕಣ್ಣು ಮಂಜಾಗುವ ತೀವ್ರ ತಲೆನೋವು, ಒಂದು ಕಾಲಿನ ಮೀನಖಂಡದಲ್ಲಿ ಬಾವು ಮತ್ತು ನೋವು, ಏದುಸಿರು ಇವುಗಳಲ್ಲಿ ಯಾವುದು ಕಂಡರೂ ‘ನಾಳೆ ನೋಡೋಣ’ ಎನ್ನಲಾಗದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಿರಿಯರ ಬಾಣಂತನ

ತವರಿನಲ್ಲಿ ನಲವತ್ತು ದಿನಗಳ ವಿಶ್ರಾಂತಿ, ಎಣ್ಣೆಸ್ನಾನ, ಮೆಂತೆಯ ಗಂಜಿ, ರಾತ್ರಿ ಮಗುವನ್ನು ಎತ್ತಿಕೊಳ್ಳುವ ಅಜ್ಜಿ. ನಮ್ಮ ಹಿರಿಯರ ಈ ಏರ್ಪಾಡಿನಲ್ಲಿ ದೊಡ್ಡ ವಿವೇಕವಿತ್ತು. ಇಂದು ದುಬೈ, ಮಸ್ಕತ್, ಮುಂಬಯಿಗಳಲ್ಲಿ ಒಂಟಿಯಾಗಿ ಹೆತ್ತು ಎರಡೇ ವಾರಗಳಲ್ಲಿ ಅಡುಗೆಮನೆಗಿಳಿಯುವ ನಮ್ಮ ಹೆಣ್ಣುಮಕ್ಕಳಿಗೆ ಇಲ್ಲವಾಗಿರುವುದು ಇದೇ.

ಆದರೆ ಅದರ ಜೊತೆಗೇ ಬಂದ ಕೆಲವು ಕಟ್ಟುಪಾಡುಗಳನ್ನು ಬಿಡಲೇಬೇಕು. ಬಾಣಂತಿಗೆ ನೀರು ಕೊಡಬಾರದೆಂಬುದು ಅವುಗಳಲ್ಲಿ ಮೊದಲನೆಯದು. ದೇಹದಲ್ಲಿ ನೀರು ಕಡಿಮೆಯಾಗಿ, ಅಲುಗಾಡದೆ ಮಲಗಿದ್ದರೆ ಹೆರಿಗೆಯ ನಂತರದ ದಿನಗಳಲ್ಲಿ ಮೆದುಳಿನ ರಕ್ತನಾಳಗಳಲ್ಲಿಯೂ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲಿ ಮಗುವಿಗೆ ಜೇನು ನೆಕ್ಕಿಸುವುದೂ ತಪ್ಪು. ಆ ಗಿಣ್ಣುಹಾಲು ಮಗುವಿನ ಮೊದಲ ರಕ್ಷಾಕವಚ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು. ಆರು ತಿಂಗಳು ತುಂಬುವವರೆಗೆ ಅದೊಂದೇ ಸಾಕು, ನೀರೂ ಬೇಡ. ಕಬ್ಬಿಣಾಂಶದ ಮಾತ್ರೆಗಳನ್ನು ತಾಯಿ ಹೆರಿಗೆಯ ಬಳಿಕವೂ 180 ದಿನ ಸೇವಿಸಬೇಕು.

ಮನಸ್ಸಿಗೂ ಬೇಕು ಬಾಣಂತನ

ಹೆತ್ತ ಕೆಲವು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರಗಳಲ್ಲಿ ಅದು ತಾನಾಗಿ ಕಳೆಯುತ್ತದೆ. ಕಳೆಯದೆ ಉಳಿದರೆ, ನಿದ್ರೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸು ನಿಲ್ಲದಿದ್ದರೆ, ಸಾಯಬೇಕೆನಿಸಿದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 20 ಮಂದಿ ಇಂತಹ ಮಾನಸಿಕ ತೊಂದರೆಗೆ, ಮುಖ್ಯವಾಗಿ ಖಿನ್ನತೆಗೆ, ಒಳಗಾಗುತ್ತಾರೆ. ‘ದೇವರು ಮುದ್ದಾದ ಮಗುವನ್ನು ಕೊಟ್ಟಿರುವಾಗ ಅಳುವುದೇಕೆ?’ ಎಂದು ನಾವು ಗದರಿದರೆ ಆಕೆ ಮೌನಿಯಾಗುತ್ತಾಳೆ. ಪ್ರಾರ್ಥನೆ ಆಕೆಗೆ ಬಲ ಕೊಡುತ್ತದೆ. ಅದು ವೈದ್ಯರ ಬಾಗಿಲನ್ನು ಮುಚ್ಚಬಾರದು.

ಮಗುವಿನ ಬೆಳವಣಿಗೆಗೂ ಇದಕ್ಕೂ ನೇರ ಸಂಬಂಧವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ ಮತ್ತು ಸಂಗಡಿಗರು 1978ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮಗುವಿನೊಡನೆ ನಗುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕುಳಿತಳು. ಮಗು ಆಕೆಯ ಗಮನ ಸೆಳೆಯಲು ಮತ್ತೆ ಮತ್ತೆ ಯತ್ನಿಸಿ, ಕೊನೆಗೆ ಸೋತು ಮುಖ ತಿರುಗಿಸಿತು. ಎರಡು ತಿಂಗಳ ಹೊತ್ತಿಗೆ ಮೂಡುವ ನಗು, ಬಳಿಕದ ತೊದಲು ನುಡಿ, ಇವೆಲ್ಲ ತನ್ನನ್ನು ಎತ್ತಿಕೊಂಡವರ ಮುಖ ಮತ್ತು ಮಾತಿಗೆ ಮಗು ಕೊಡುವ ಉತ್ತರ. ಖಿನ್ನತೆ ತಾಯಿಯ ತಪ್ಪಲ್ಲ, ಚಿಕಿತ್ಸೆಯಿಂದ ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಬೇರ್ಪಡಿಸದೆ ಜೊತೆಯಾಗಿ ದಾಖಲಿಸಿಕೊಳ್ಳುವ ವಿಭಾಗ 2009ರಲ್ಲಿ ಆರಂಭವಾಯಿತು. ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಉಚಿತವಾಗಿ ಕರೆ ಮಾಡಬಹುದು.

ನಾವು ಮಾಡಬಹುದಾದುದು

ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರಬೇಕೆಂಬುದು ಸರಕಾರದ ನಿಯಮ. ಬಂದಾಗ ತಾಯಿಯೇ ಆಕೆಯೊಡನೆ ಏಕಾಂತದಲ್ಲಿ ಮಾತಾಡಲು ಎಡೆ ಮಾಡಿಕೊಡೋಣ. ಜ್ಞಾನಸ್ನಾನದ ಔತಣದ ಹೊರೆಯನ್ನು ಬಾಣಂತಿಯ ತಲೆಗೆ ಕಟ್ಟದಿರೋಣ. ರಾತ್ರಿಯ ಒಂದು ಪಾಳಿಯನ್ನು ಪತಿ ವಹಿಸಿಕೊಳ್ಳಲಿ. ವಾಳೆಯ ಗುರಿಕಾರರೂ ಸ್ತ್ರೀ ಸಂಘಟನೆಯ ಸದಸ್ಯೆಯರೂ ಮಗುವನ್ನು ನೋಡಲು ಹೋದಾಗ ತೊಟ್ಟಿಲಿನ ಬಳಿಗೆ ಸಾಗುವ ಮುನ್ನ ಮಂಚದ ಬಳಿ ಕುಳಿತು, ‘ನಿನಗೆ ಊಟ ಸೇರುತ್ತಿದೆಯೇ? ನಿದ್ರೆ ಬರುತ್ತಿದೆಯೇ?’ ಎಂದು ಕೇಳಲಿ. ಕೇಳಿ, ಉತ್ತರಕ್ಕಾಗಿ ಕಾಯಲಿ. ತಾಯಿಗೆ ಸಲ್ಲುವ ಈ ಆರೈಕೆಯೇ ಮಗುವಿಗೆ ನಾವು ಕೊಡಬಹುದಾದ ಮೊದಲ ಉಡುಗೊರೆ.